ಪಲ್ಪರ್ ಮನೆಯ ಅಮೆರಿಕನ್ ಎಂಜಿನ್

ಕಳೆದ ಭಾನುವಾರ ಒಗೆದ ಬಟ್ಟೆ ಒಣಹಾಕುತ್ತಿದ್ದಾಗ ನನ್ನ ಬಿಳಿಯ ಕೈಮಗ್ಗದ ಕುರ್ತಾದ ತೋಳಿನಲ್ಲಿ ಅಂಗೈಯಗಲದ ಕಪ್ಪು ಕಲೆ ಮತ್ತೆ ಕಣ್ಣಿಗೆ ಬಿತ್ತು. ಸೀಗೆಕಾಯಿ, ಅಂಟುವಾಳ, ನಿಂಬೆಹಣ್ಣಿನ ಸಿಪ್ಪೆ, ಕೊನೆಗೆ ನನ್ನ ತತ್ತ್ವಗಳನ್ನೆಲ್ಲ ಒಂದು ಗಳಿಗೆ ಬದಿಗಿಟ್ಟು ಅಂಗಡಿಯ ನೀಲಿ ಪುಡಿ. ಯಾವುದಕ್ಕೂ ಅದು ಜಗ್ಗಿಲ್ಲ. ತೋಳನ್ನು ಮೂಗಿಗೆ ಹಿಡಿದರೆ ಈಗಲೂ ಗ್ರೀಸು, ಹಳೆಯ ಪೆಟ್ರೋಲು, ಅವೆರಡರ ಅಡಿಯಲ್ಲಿ ಎಲ್ಲೋ ಹುಳಿತ ಕಾಫಿ ಸಿಪ್ಪೆಯ ವಾಸನೆ. ಈ ಮೂರನ್ನೂ ಒಂದೇ ತೋಳಿನಲ್ಲಿ ಹೊತ್ತು ತಿರುಗುವವರು ಜಗತ್ತಿನಲ್ಲಿ ಬಹಳ ಮಂದಿ ಇರಲಾರರು. ಸ್ವಲ್ಪ ಹೊತ್ತು ನನ್ನ ಜಗಲಿಯಲ್ಲಿ ಕುಳಿತರೆ, ಓದುಗರೇ, ಅದು ನನ್ನ ಪಾಲಿಗೆ ಹೇಗೆ ಬಂತೆಂದು ಹೇಳುತ್ತೇನೆ.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸಬೇಕು. ಮೋಟಾರು ವಾಹನಗಳನ್ನು ಮೆಚ್ಚಿದವಳು ನಾನಲ್ಲ. ನಾನು ಓದಿದ ಶಾಲೆಯಲ್ಲಿ ಗಂಟೆ ಇರಲಿಲ್ಲ, ಅಂಕ ಇರಲಿಲ್ಲ, ಬೆತ್ತ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಮರದಡಿಯಲ್ಲಿ ವೃತ್ತವಾಗಿ ಕುಳಿತು, ಹಿಂದಿನ ದಿನ ನಾವು ಕಂಡ ಒಂದು ಅನ್ಯಾಯವನ್ನು ಹೆಸರಿಟ್ಟು ಹೇಳಬೇಕಿತ್ತು. ವರ್ಷದ ನಡುವಿಗೆ ಬರುವಷ್ಟರಲ್ಲಿ ಉಳಿದ ಮಕ್ಕಳ ಸಂಗ್ರಹ ಖಾಲಿಯಾಗುತ್ತಿತ್ತು. ನನ್ನದು ಎಂದೂ ಆಗಲಿಲ್ಲ. ಆ ಅಭ್ಯಾಸವನ್ನೇ ಉದ್ಯೋಗ ಮಾಡಿಕೊಂಡು ಮೂಡಿಗೆರೆಗೆ ಬಂದೆ. ಕಾಫಿ ತೋಟಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಹೆರಿಗೆ ರಜೆ, ಕುಡಿಯುವ ನೀರು, ಶೌಚಾಲಯ, ಕೂಲಿಯವರು ಸಾಲುಸಾಲಾಗಿ ವಾಸಿಸುವ ಲೈನ್ ಮನೆಗಳ ಸೋರುವ ಮಾಡು ಇವುಗಳ ಬಗ್ಗೆ ಮಾತನಾಡುತ್ತ ಊರಿಂದೂರಿಗೆ ಬಸ್ಸಿನಲ್ಲಿ ಓಡಾಡಿದೆ. ನಾನು ಎಲ್ಲಿಯೂ ಪಾಠ ಹೇಳದಿದ್ದರೂ ತೋಟದವರಿಗೆ ಟೀಚರಮ್ಮನಾದೆ. ಕಾರು ಕೊಳ್ಳುವುದಿಲ್ಲ, ಸ್ಟಿಯರಿಂಗ್ ಮುಟ್ಟುವುದಿಲ್ಲ ಎಂಬುದು ನನ್ನ ಸಂಕಲ್ಪವಾಗಿತ್ತು. ಪೆಟ್ರೋಲಿನ ಹಿಂದಿರುವ ಯುದ್ಧಗಳ ಬಗ್ಗೆ ನನ್ನಲ್ಲಿ ಸಿದ್ಧವಾದ ಭಾಷಣವೂ ಇತ್ತು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದವರು ಒಮ್ಮೆ ಅದನ್ನು ಕೇಳಿದರೆ, ಮರುದಿನ ನಿಂತುಕೊಂಡೇ ಪ್ರಯಾಣ ಮಾಡುತ್ತಿದ್ದರು.

ಇಂಥ ನನ್ನನ್ನು ಅಮೆರಿಕದ ಒಂದು ಹಳೆಯ ಲಾರಿಯ ಬಾನೆಟ್ಟಿನೊಳಗೆ ಮೊಣಕೈವರೆಗೆ ಮುಳುಗಿಸಿದವಳು ಸರೋಜಕ್ಕ.

ಗೋಣಿಬೀಡಿನ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ರಸ್ತೆ ತಿರುಗುವಲ್ಲಿ ಸರೋಜಕ್ಕನ ಗ್ಯಾರೇಜು ಇದೆ. ತೋಟದ ಲೈನ್ ಮನೆಯಲ್ಲಿ ಹುಟ್ಟಿ, ಗಂಡನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಶುರುಮಾಡಿ, ಅವನು ಅಂಗಡಿಯನ್ನೂ ಅವಳನ್ನೂ ಬಿಟ್ಟುಹೋದ ಮೇಲೆ ಜೀಪು ರಿಪೇರಿಯವರೆಗೆ ಬಂದವಳು. ವಿನಯವೆಂಬುದು ಅವಳ ಹತ್ತಿರ ಸುಳಿದಿಲ್ಲ. "ಚಿಕ್ಕಮಗಳೂರಿಂದ ಕಳಸದವರೆಗೆ ನನ್ನಂಥ ಮೆಕ್ಯಾನಿಕ್ ಇನ್ನೊಬ್ರಿಲ್ಲ ಕಾಣಿ," ಎಂದು ಗಿರಾಕಿಗಳ ಮುಂದೆ ಘೋಷಿಸಿ, ಅದೇ ಗಳಿಗೆಯಲ್ಲಿ ತಪ್ಪು ನಟ್ಟು ಬಿಚ್ಚಿ ಎಣ್ಣೆಯನ್ನೆಲ್ಲ ತನ್ನ ಕಾಲ ಮೇಲೇ ಸುರಿದುಕೊಂಡದ್ದನ್ನು ನಾನು ಕಂಡಿದ್ದೇನೆ. ಹೆಂಗಸು ಎಂಬ ಕಾರಣಕ್ಕೆ ಅವಳ ಗ್ಯಾರೇಜಿಗೆ ಒಳ್ಳೆಯ ಗಾಡಿಗಳು ಬರುತ್ತಿರಲಿಲ್ಲ. ಬೇರೆಯವರು ಕೈಬಿಟ್ಟವು ಬರುತ್ತಿದ್ದವು. ಇದು ಅನ್ಯಾಯ. ಆದರೆ ಬೇರೆಯವರು ಕೈಬಿಟ್ಟ ಗಾಡಿಗಳನ್ನೇ ಬಿಚ್ಚಿಬಿಚ್ಚಿ ಅವಳಿಗೆ ಬಿಚ್ಚಲು ಬಾರದ ಗಾಡಿಯೇ ಉಳಿಯಲಿಲ್ಲ ಎಂಬುದೂ ನಿಜ. ಜೋಡಿಸುವುದರಲ್ಲಿ ಆಗಾಗ ಒಂದೆರಡು ಬೋಲ್ಟು ಮಿಗುತ್ತಿದ್ದವು.

ಅವಳ ಅಪ್ಪ ಮಂಜಪ್ಪ ತನ್ನ ಆಯುಷ್ಯದ ಬಹುಭಾಗವನ್ನು ಒಂದು ಎಂಜಿನ್ನಿನ ಪಕ್ಕದಲ್ಲಿ ಕಳೆದವರು. ಅವರು ದುಡಿದ ತೋಟಕ್ಕೆ ಹಿಂದೆ ಇಂಗ್ಲಿಷ್ ದೊರೆಯೊಬ್ಬ ಅಮೆರಿಕದ ಲಾರಿಯನ್ನು ತರಿಸಿದ್ದನಂತೆ. ಕೂಲಿಯವರು ತಲೆಯ ಮೇಲೆ ಮೂಟೆ ಹೊತ್ತು ಬೆಟ್ಟ ಇಳಿಯುತ್ತಿದ್ದ ಕಾಲದಲ್ಲಿ ಆ ಲಾರಿಯಲ್ಲಿ ದೊರೆಯ ಬೇಟೆನಾಯಿಗಳು ಓಡಾಡುತ್ತಿದ್ದವು. ಇದನ್ನು ಇಲ್ಲಿ ದಾಖಲಿಸದೆ ಮುಂದೆ ಹೋಗಲಾರೆ. ದೊರೆ ಊರು ಬಿಟ್ಟ ಮೇಲೆ ತೋಟ ಕೊಂಡ ಸಾಹುಕಾರರು ಲಾರಿಯ ಎಂಜಿನ್ನನ್ನು ಎತ್ತಿ ಪಲ್ಪರ್ ಮನೆಯಲ್ಲಿ ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿದರು. ಅದಕ್ಕೊಂದು ಬೆಲ್ಟು ಹಾಕಿದರು. ಪೆಟ್ರೋಲಿನಲ್ಲಿ ಶುರುಮಾಡಿ ಸೀಮೆಎಣ್ಣೆಯಲ್ಲಿ ಓಡಿಸುತ್ತ, ಕೊಯ್ಲಿನ ಕಾಲದುದ್ದಕ್ಕೂ ಅದರಿಂದ ಕಾಫಿ ಹಣ್ಣಿನ ಸಿಪ್ಪೆ ಸುಲಿಸಿದರು. ನಾಲ್ಕು ಆ ಕಡೆಗೆ, ನಾಲ್ಕು ಈ ಕಡೆಗೆ ವಾಲಿಕೊಂಡ ಎಂಟು ಸಿಲಿಂಡರುಗಳ ಆ ಯಂತ್ರ, ಅದನ್ನು ಮಾಡಿದವರ ನಾಡಿನಲ್ಲಿ ಹೆದ್ದಾರಿಗಳ ಮೇಲೆ ಹಾರಬೇಕಾದದ್ದು. ನಮ್ಮಲ್ಲಿ ಕತ್ತಲೆ ಕೋಣೆಯಲ್ಲಿ ಡ್ರಮ್ಮು ತಿರುಗಿಸುತ್ತ ನಿಂತಿತ್ತು. ಎಂಜಿನ್ ಕಳೆದುಕೊಂಡ ಲಾರಿ ಪಕ್ಕದ ಶೆಡ್ಡಿನಲ್ಲಿ ಗೋಣಿಚೀಲಗಳ ಅಡಿಯಲ್ಲಿತ್ತು. ದುಂಡು ಬಾನೆಟ್ಟು, ಕಪ್ಪೆಯ ಕಣ್ಣಿನಂಥ ಎರಡು ದೀಪ; ಮೂತಿಯ ಮೇಲಿದ್ದ ಕಂಪನಿಯ ಹೆಸರನ್ನು ತುಕ್ಕು ತಿಂದು ಮುಗಿಸಿತ್ತು.

ಪಲ್ಪರಿನ ಒಂದು ಗುಣ ನಿಮಗೆ ತಿಳಿದಿರಬೇಕು. ಅದರ ಡ್ರಮ್ಮು ಹದವಾಗಿ ತಿರುಗಿದರೆ ಕೆಂಪು ಹಣ್ಣಿನ ಸಿಪ್ಪೆ ಬೇರೆಯಾಗಿ ಬೀಜ ಇಡಿಯಾಗಿ ಹೊರಬರುತ್ತದೆ. ವೇಗ ಹೆಚ್ಚಾದರೆ ಬೀಜ ಕತ್ತರಿಸುತ್ತದೆ. ಕತ್ತರಿಸಿದ ಬೀಜಕ್ಕೆ ಬೆಲೆಯಿಲ್ಲ. ಆದ್ದರಿಂದ ಎಂಜಿನ್ನಿನ ಸದ್ದು ಒಂದು ಮಟ್ಟಕ್ಕಿಂತ ಮೇಲೆ ಹೋಗಬಾರದು. ಆಫೀಸಿನಲ್ಲಿ ಕುಳಿತ ರೈಟರು, ಅಂದರೆ ತೋಟದ ಗುಮಾಸ್ತರು, ಆ ಸದ್ದನ್ನೇ ಕಿವಿಯಲ್ಲಿಟ್ಟುಕೊಂಡಿರುತ್ತಿದ್ದರು. ಅದು ತುಸು ಏರಿದರೂ ಕೊಡೆ ಬೀಸುತ್ತ ಬಂದು ಮಂಜಪ್ಪನವರನ್ನು ಎಲ್ಲರೆದುರು ಬೈಯುತ್ತಿದ್ದರು. ತನ್ನದಲ್ಲದ ಯಂತ್ರದ ಕೂಗಿಗೆ ಒಬ್ಬ ಮನುಷ್ಯ ಜೀವಮಾನವಿಡೀ ಬೈಸಿಕೊಂಡನಲ್ಲ, ಇದಕ್ಕೆ ನಮ್ಮ ಕಾನೂನುಗಳಲ್ಲಿ ಹೆಸರೇ ಇಲ್ಲ.

ಆ ಪಲ್ಪರ್ ಮನೆ ವಿದ್ಯುತ್ ಮೋಟಾರಿಗೆ ಬದಲಾಗಿ ಎಷ್ಟೋ ವರ್ಷಗಳಾದ ಮೇಲೆ, ತೋಟದ ಈಗಿನ ಒಡೆಯರು ಬಂಗಲೆಯನ್ನು ರೆಸಾರ್ಟ್ ಮಾಡಲು ಹೊರಟರು. ಎಲ್ಲರೂ ಅವರನ್ನು ಸಣ್ಣ ಸಾಹುಕಾರರು ಎನ್ನುತ್ತಾರೆ. ನಗುಮುಖದ, ಕೆಟ್ಟವರಲ್ಲದ ಮನುಷ್ಯ. ಪ್ರವಾಸಿಗರಿಗೆ ಏನು ಇಷ್ಟವಾಗುತ್ತದೆ ಎಂಬುದರ ಹೊರತು ಬೇರೇನನ್ನೂ ಯೋಚಿಸದ ಅವಧಿಯಲ್ಲಿದ್ದರು. ಶೆಡ್ಡಿನ ಲಾರಿಯನ್ನು ಗೇಟಿನ ಬಳಿ ಇಟ್ಟು, ಬಾನೆಟ್ಟಿನೊಳಗೆ ಮಣ್ಣು ತುಂಬಿ, ಹೂವಿನ ಗಿಡ ನೆಟ್ಟು, ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಂತೆ ಮಾಡುವುದು ಅವರ ಯೋಜನೆ. ಆ ದಿನ ನಾನು ಲೈನ್ ಮನೆಗಳ ನೀರಿನ ಟ್ಯಾಂಕಿನ ವಿಷಯ ಮಾತನಾಡಲು ಅಲ್ಲಿಗೆ ಹೋಗಿದ್ದೆ. ಅಪ್ಪನನ್ನು ಕರೆದೊಯ್ಯಲು ಸರೋಜಕ್ಕನೂ ಬಂದಿದ್ದಳು.

"ಮಣ್ಣು ತುಂಬೋದಾ?" ಎಂದಳು ಸರೋಜಕ್ಕ. "ಸರ್, ಅದಕ್ಕೆ ಜೀವ ಉಂಟು. ನನಗೆ ಕೊಡಿ, ಓಡಿಸಿ ತೋರಿಸ್ತೀನಿ."

"ಸುಮ್ನಿರು ಮಾರಾಯ್ತಿ," ಎಂದು ಸಾಹುಕಾರರು ನಕ್ಕರು. "ಅದು ನಿನ್ನ ಅಜ್ಜಿ ಕಾಲದ್ದು."

"ಅಜ್ಜಿ ಕೊನೇವರೆಗೂ ಬೆಟ್ಟ ಹತ್ತಿದವಳು ಸರ್."

ಸುತ್ತ ನಿಂತವರು ನಕ್ಕರು. ನಗುವಿನ ಹುರುಪಿನಲ್ಲಿ ಸಾಹುಕಾರರು ಸವಾಲು ಹಾಕಿದರು. "ಹಂಗಾದ್ರೆ ಕುದುರೆ ನಿಂತ ಏರು ಹತ್ತಿಸು. ತೋಟದ ಮೇಲಿನ ಬ್ಲಾಕಿಗೆ, ಮೊದ್ಲಿನ ಹಂಗೆ ಲೋಡ್ ಸಮೇತ. ಯಾರೂ ನೂಕ್ಬಾರ್ದು, ಜೀಪಲ್ಲಿ ಎಳೀಬಾರ್ದು. ಹತ್ತಿದ್ರೆ ಲಾರಿ ನಿಂದೇ. ರೆಸಾರ್ಟ್ ಶುರುವಾಗೋದ್ರೊಳಗೆ ಹತ್ತದೇ ಇದ್ರೆ ಹೂವಿನ ಕುಂಡ."

ದೊರೆಯ ಕುದುರೆ ಹತ್ತಲೊಪ್ಪದೆ ನಿಂತುಬಿಟ್ಟಿತ್ತೆಂದು ಆ ಏರಿಗೆ ಆ ಹೆಸರು. ಸರೋಜಕ್ಕ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಸಂಜೆಯೊಳಗೆ ಗೋಣಿಬೀಡಿನ ಹೋಟೆಲು, ದಿನಸಿ ಅಂಗಡಿ, ಬಸ್ಸಿನ ಕಂಡಕ್ಟರ್ ಎಲ್ಲರಿಗೂ ಹೇಳಿ ಬಂದಳು. ಇನ್ನು ಸೋತರೆ ಲಾರಿ ಹೂಕುಂಡವಾಗುವುದು ಮಾತ್ರವಲ್ಲ. ಅವಳ ಗ್ಯಾರೇಜಿಗೆ ಬೇರೆಯವರು ಕೈಬಿಟ್ಟ ಗಾಡಿಗಳು ಬರುವುದೂ ನಿಲ್ಲುತ್ತಿತ್ತು.

ನಾನು ಈ ಪ್ರಸಂಗದಲ್ಲಿ ಸಿಕ್ಕಿಬಿದ್ದದ್ದು ಇಂಗ್ಲಿಷಿನ ದೆಸೆಯಿಂದ. ಹಳೆಯ ಅಮೆರಿಕನ್ ಗಾಡಿಗಳನ್ನು ಬಿಚ್ಚಿ, ತಗ್ಗಿಸಿ, ಎತ್ತರಿಸಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ ಓಡಿಸುವ ಜನ ಆ ದೇಶದಲ್ಲಿ ಬಹಳ ಇದ್ದಾರೆ. ತಮ್ಮ ಕೆಲಸವನ್ನು ವಿಡಿಯೋ ಮಾಡಿ ಹಾಕುತ್ತಾರೆ. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ, ಎದೆಯವರೆಗೆ ಗಡ್ಡ ಬಿಟ್ಟ ಒಬ್ಬಾತನನ್ನು ಸರೋಜಕ್ಕ ಗುರುವೆಂದು ಸ್ವೀಕರಿಸಿದ್ದಳು. ಅವನ ಕೈ ಅವಳಿಗೆ ಅರ್ಥವಾಗುತ್ತಿತ್ತು, ಬಾಯಿ ಆಗುತ್ತಿರಲಿಲ್ಲ. "ನೀವು ಓದ್ದೋರಲ್ವಾ, ಈ ಗಡ್ಡದಪ್ಪ ಏನಂತಾನೆ ಹೇಳಿ," ಎಂದು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

ನಾನು ಅನುವಾದಿಸಿದೆ, ಅನುವಾದದ ನಡುವೆ ಕರ್ತವ್ಯವೆಂದು ಭಾವಿಸಿ ಟಿಪ್ಪಣಿಯನ್ನೂ ಸೇರಿಸಿದೆ. ವೇಗದ ವ್ಯಾಮೋಹವು ಗಂಡಸುತನದ ಪ್ರದರ್ಶನವಾಗಿ ಹೇಗೆ ಬೆಳೆಯಿತು, ಆ ಎಂಜಿನ್ನುಗಳ ದಾಹಕ್ಕೆ ಯಾವ ಯಾವ ಮರುಭೂಮಿಗಳಲ್ಲಿ ಯಾರ ಯಾರ ರಕ್ತ ಹರಿಯಿತು ಎಂದು ವಿವರಿಸತೊಡಗಿದೆ.

"ಯುದ್ಧ ಆಮೇಲೆ ಹೇಳಿ," ಎಂದಳು ಸರೋಜಕ್ಕ, "ಮೊದ್ಲು ವಾಲ್ವ್ ಹೇಳಿ."

ಅವಳನ್ನು ನಾನು 'ಅವರು' ಎನ್ನದೆ 'ಅವಳು' ಎಂದು ಬರೆಯುತ್ತಿರುವುದಕ್ಕೆ ಇಲ್ಲಿಯೇ ಸಮಜಾಯಿಷಿ ಕೊಡಬೇಕು. ಕೂಲಿಯವರನ್ನು ವಯಸ್ಸು ನೋಡದೆ ಏಕವಚನದಲ್ಲಿ ಕರೆಯುವ ನಮ್ಮ ತೋಟಗಳ ರೂಢಿಯನ್ನು ನಾನು ಉದ್ದಕ್ಕೂ ವಿರೋಧಿಸಿದ್ದೇನೆ. ಸರೋಜಕ್ಕನಿಗೂ ಬಹುವಚನವನ್ನೇ ಬಳಸುತ್ತಿದ್ದೆ. ಒಂದು ದಿನ ಅವಳು ಸ್ಪ್ಯಾನರ್ ಕೆಳಗಿಟ್ಟು, "ನೀವು ಹಿಂಗೆ 'ಬನ್ನಿ ಹೋಗಿ' ಅಂತಿದ್ರೆ ನನಗೆ ಬಿಲ್ ಹಾಕ್ಬೇಕು ಅನ್ನಿಸ್ತದೆ. ಗೆಳತಿ ಆದ್ರೆ 'ಬಾರೇ' ಅನ್ನಿ," ಎಂದಳು. ಸಮಾನತೆ ಯಾವ ಬಾಗಿಲಿನಿಂದ ಬರುತ್ತದೆ ಎಂದು ನಮ್ಮ ಶಾಲೆಯಲ್ಲಿ ಪೂರ್ತಿಯಾಗಿ ಕಲಿಸಿರಲಿಲ್ಲ.

ಕೆಲಸ ಮಳೆಗಾಲ ಕಳೆದು ಶುರುವಾಯಿತು. ಎಂಜಿನ್ನನ್ನು ಕಟ್ಟೆಯಿಂದ ಬಿಡಿಸಿ, ಮಂಜಪ್ಪನವರೇ ಅದರ ಒಂದೊಂದು ಅಂಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದರು. ರೇಡಿಯೇಟರು ಟ್ರ್ಯಾಕ್ಟರಿನದು, ಬ್ರೇಕು ಗುಜರಿಗೆ ಬಂದ ಮಿನಿ ಬಸ್ಸಿನದು. ಹಿಂದಿನ ಸ್ಪ್ರಿಂಗಿನ ಪಟ್ಟಿಗಳಿಗೆ ಇನ್ನೂ ಎರಡು ಪಟ್ಟಿ ಸೇರಿಸಿ ಲಾರಿಯನ್ನು ಎತ್ತರಿಸಿದೆವು. ಗಡ್ಡದವನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎರಡು ಇಟ್ಟದ್ದನ್ನು ನೋಡಿ ಸರೋಜಕ್ಕನೂ ಎರಡು ಇಡುವುದೆಂದು ಹಟ ಹಿಡಿದಳು. ಅವನ್ನು ಹೊರುವ ಅಲ್ಯೂಮಿನಿಯಮ್ ಕೊಳವೆಯನ್ನು ಚಿಕ್ಕಮಗಳೂರಿನಲ್ಲಿ ಎರಕ ಹೊಯ್ಸಿ ತಂದಳು. ಮೊದಲನೆಯದು ಸೀಳಿತು. ಎರಡನೆಯದು ತಲೆಕೆಳಗಾಗಿತ್ತು. ಮೂರನೆಯದು ಕೂತಿತು. ಹಿಂದಿನ ಹಾಸು ಸಿಲ್ವರ್ ಓಕಿನದು. ಈ ಮರವನ್ನು ಸ್ಥಳೀಯ ಕಾಡುಮರಗಳನ್ನು ಕಡಿದು ನೆಟ್ಟದ್ದು ಎಷ್ಟು ದೊಡ್ಡ ತಪ್ಪೆಂದು ನಾನು ಹೇಳುತ್ತಿದ್ದಂತೆಯೇ, ಹಲಗೆಯ ಇನ್ನೊಂದು ತುದಿ ಹಿಡಿದುಕೊಳ್ಳಲು ಹೇಳಿದರು. ಹಿಡಿದುಕೊಂಡೆ. ನನ್ನ ಕುರ್ತಾದ ಕಲೆ ಆ ವಾರದ್ದು.

ಎಂಜಿನ್ ಮೊದಲ ಬಾರಿಗೆ ಉಸಿರೆಳೆದ ದಿನ ಗ್ಯಾರೇಜಿನ ಮುಂದೆ ಜನ ಸೇರಿದ್ದರು. ಎರಡು ಸಲ ಕೆಮ್ಮಿ, ಒಂದು ಸಲ ಕಪ್ಪು ಹೊಗೆ ಉಗುಳಿ, ಗುಡುಗುಡು ಎಂದು ನಿಂತು ಓಡತೊಡಗಿತು. ಮಂಜಪ್ಪ ಕಿವಿ ವಾಲಿಸಿ, ಕಣ್ಣು ಮುಚ್ಚಿ, ಸ್ಕ್ರೂ ತಿರುಗಿಸಿ ಸದ್ದನ್ನು ಒಂದು ಹದಕ್ಕೆ ತಂದರು. "ಹಾಂ, ಈಗ ಸರಿಯಾಯ್ತು," ಎಂದರು. ನೆರೆದವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ; ಇಷ್ಟು ವರ್ಷ ಲೈನ್ ಮನೆಗಳಲ್ಲಿ ಓಡಾಡಿ ನನ್ನ ಕಿವಿಗೂ ಪಲ್ಪರುಗಳ ಅದೇ ಹದ ಒಗ್ಗಿತ್ತು.

ಮರುದಿನ ಏರಿನ ಪರೀಕ್ಷೆ ಮಾಡಿದೆವು. ಬರಿಗಾಡಿ, ಒಣನೆಲ, ಬೆಳಗಿನ ತಂಪು. ಮೊದಲ ತಿರುವಿನವರೆಗೆ ಲಾರಿ ಗಂಭೀರವಾಗಿ ಹೋಯಿತು. ಆಮೇಲೆ ಏರು ಹೆಚ್ಚಿದಂತೆ ಸರೋಜಕ್ಕ ಎಷ್ಟು ಒತ್ತಿದರೂ ಅದೇ ಗುಡುಗುಡು, ಅದೇ ಹದ. ನಡುದಾರಿಯಲ್ಲಿ ಸುಸ್ತಾಗಿ ನಿಂತುಬಿಟ್ಟಿತು. ಹಿಂದಕ್ಕೆ ಜಾರುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕೆಳಗೆ ಕಾಯುತ್ತಿದ್ದ, ಆಳುಗಳ ಮೇಲ್ವಿಚಾರಣೆ ನೋಡುವ ತೋಟದ ಮೇಸ್ತ್ರಿ, "ಯಾವ ಹೂವು ಹಾಕ್ಬೇಕು ಅಂತ ಸಾವ್ಕಾರ್ರು ಕೇಳ್ತಿದ್ರು. ಡೇಲಿಯಾ ಅಡ್ಡಿಲ್ವಾ ಸರೋಜಾ?" ಎಂದ. ಸರೋಜಕ್ಕ ಬಾನೆಟ್ಟು ಎತ್ತಿ ತಲೆಯನ್ನು ಒಳಗೆ ತೂರಿಸಿದಳು.

ಆಮೇಲಿನ ದಿನಗಳಲ್ಲಿ ಬಿಚ್ಚದ ಭಾಗವಿಲ್ಲ. ವಾಲ್ವು ಉಜ್ಜಿದೆವು, ಪ್ಲಗ್ಗು ಬದಲಿಸಿದೆವು, ಪೆಟ್ರೋಲು ಬರುವ ಕೊಳವೆಗೆ ಊದಿ ಊದಿ ನನ್ನ ಬಾಯಿ ಎರಡು ದಿನ ಪೆಟ್ರೋಲಾಗಿತ್ತು. ಗಡ್ಡದವನ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿದೆವು. ಎಂಜಿನ್ ಸರಿಯಾಗಿ ಉಸಿರಾಡಬೇಕು ಎಂದು ಅವನು ಹೇಳುತ್ತಿದ್ದ. ನಮ್ಮದು ಆರಾಮವಾಗಿಯೇ ಉಸಿರಾಡುತ್ತಿತ್ತು; ಅದೇ ತೊಂದರೆಯೆಂದು ಯಾರಿಗೂ ಹೊಳೆಯಲಿಲ್ಲ. ಪ್ರತಿ ಸಲ ಜೋಡಿಸಿದ ಮೇಲೂ ಮಂಜಪ್ಪ ಕಿವಿ ವಾಲಿಸಿ ಹದ ಹಿಡಿಯುತ್ತಿದ್ದರು, ಪ್ರತಿ ಸಲವೂ ದಾರಿಹೋಕರು "ಚೆನ್ನಾಗಿ ಕೂತದೆ ಈಗ," ಎಂದು ಮೆಚ್ಚುತ್ತಿದ್ದರು. ರೆಸಾರ್ಟಿನ ಗೇಟಿಗೆ ಬಣ್ಣ ಹಚ್ಚಿ ಆಗಿತ್ತು.

ಕೊನೆಗೊಂದು ಮಧ್ಯಾಹ್ನ ಸರೋಜಕ್ಕ ಸಿಟ್ಟಿನಿಂದ ಫೋನನ್ನು ಪೂರ್ತಿ ಜೋರು ಮಾಡಿ ಎಂಜಿನ್ನಿನ ಪಕ್ಕದಲ್ಲಿಟ್ಟಳು. ವಿಡಿಯೋದಲ್ಲಿ ಗಡ್ಡದವನ ಎಂಜಿನ್ ಹುಲಿಯಂತೆ ಕೂಗಿತು. "ಕೇಳಿ. ಅವನದ್ದು ಹಂಗೆ ಕೂಗ್ತದೆ, ನಮ್ದು ಯಾಕೆ ಅಜ್ಜನ ಹಂಗೆ ಗೊಣಗ್ತದೆ?" ಎನ್ನುತ್ತ, ಬಾನೆಟ್ಟಿನೊಳಗೆ ಕೈ ಹಾಕಿ ಪೆಟ್ರೋಲು ಬಿಡುವ ಸರಳನ್ನು ತಾನೇ ಬಲವಾಗಿ ಎಳೆದು ಹಿಡಿದಳು. ಎಂಜಿನ್ ಗದ್ದಲವೆಬ್ಬಿಸಿ ಮೇಲೆದ್ದಿತು. ಗ್ಯಾರೇಜಿನ ತಗಡು ನಡುಗಿತು. ಆ ಕ್ಷಣದಲ್ಲೇ, ಪಕ್ಕದಲ್ಲಿ ನಿಂತಿದ್ದ ಮಂಜಪ್ಪನವರ ಬಲಗೈ ಚಂಗನೆ ಮುಂದೆ ಬಂದು ಮಗಳ ಕೈಯನ್ನು ತಳ್ಳಿ ಸರಳನ್ನು ಮುಚ್ಚಿಬಿಟ್ಟಿತು.

"ಬೀಜ ಕತ್ತರಿಸ್ತದಲ್ಲೇ!" ಎಂದು ಅವರು ಕೂಗಿದರು.

ಎಂಜಿನ್ ಮತ್ತೆ ಗೊಣಗತೊಡಗಿತು. ಸರೋಜಕ್ಕ ಅಪ್ಪನ ಮುಖ ನೋಡಿದಳು. "ಯಾವ ಬೀಜ ಅಪ್ಪಾ?"

ಮಂಜಪ್ಪ ತಮ್ಮ ಕೈಯನ್ನೇ ನೋಡಿಕೊಂಡರು. ಅಲ್ಲಿ ಪಲ್ಪರ್ ಇರಲಿಲ್ಲ, ಕಾಫಿ ಹಣ್ಣಿರಲಿಲ್ಲ, ಕೊಡೆ ಬೀಸಿ ಬರುವ ರೈಟರು ತೀರಿಕೊಂಡು ಬಹಳ ಕಾಲವಾಗಿತ್ತು. ಮೊದಲು ನಕ್ಕವರು ಅವರೇ. ಆಮೇಲೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಗವರ್ನರ್ ಉಂಟು ಅದರಲ್ಲಿ," ಎಂದರು ಮಂಜಪ್ಪ. "ಸದ್ದು ಏರಿದ್ರೆ ತಾನಾಗೇ ಹಿಂದೆ ಎಳೀತದೆ. ಪಲ್ಪರಿಗೆ ಅಂತ ಹಾಕಿದ್ದು. ನೀವು ಬಿಚ್ಚಿದಾಗೆಲ್ಲ ನಾನೇ ತೊಳ್ದು, ಹೊಸ ಸ್ಪ್ರಿಂಗ್ ಹಾಕಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸ್ತಿದ್ದೆ. ಅದಿಲ್ದಿದ್ರೆ ಎಂಜಿನ್ನೇ ಅಲ್ಲ ಅಂದ್ಕೊಂಡಿದ್ದೆ ಮಾರಾಯ್ತಿ."

"ನನ್ನ ಅಪ್ಪನೇ ನನಗೆ ಡೇಲಿಯಾ ನೆಡ್ಲಿಕ್ಕೆ ಹೊರಟಿದ್ದಾ?" ಎಂದಳು ಸರೋಜಕ್ಕ.

"ನೀನು ಕಳಸದವರೆಗಿನ ದೊಡ್ಡ ಮೆಕ್ಯಾನಿಕ್ ಅಲ್ವಾ? ನಿನಗೆ ಕಾಣ್ಲಿಲ್ವಾ?"

ಕಂಡಿತ್ತು, ನಮಗೆಲ್ಲರಿಗೂ ಕಂಡಿತ್ತು. ಹೆಬ್ಬೆರಳಿನಷ್ಟು ದೊಡ್ಡ ಕಬ್ಬಿಣದ ತುಂಡು ಅದು. ಹುಟ್ಟಿದಾಗಿನಿಂದ ಆ ಸದ್ದನ್ನು ಕೇಳುತ್ತ ಬೆಳೆದವಳಿಗೆ ಅದರ ಮಿತಿಯೇ ಅದರ ಆರೋಗ್ಯವೆಂದು ತೋರಿತ್ತು. ಬೆಟ್ಟದ ಈ ಸೀಮೆಯ ಕಿವಿಗಳಿಗೆ ಸರಿ ಎಂದರೆ ಏನೆಂದು ಕಲಿಸಿದ್ದು ಸಿಪ್ಪೆ ಸುಲಿಯುವ ಒಂದು ಡ್ರಮ್ಮು. ಆ ಸಂಜೆ ಬಸ್ಸಿನಲ್ಲಿ ಕುಳಿತು ನನ್ನನ್ನೇ ಪರೀಕ್ಷಿಸಿಕೊಂಡೆ. ಪ್ರತಿ ಸಭೆಯಲ್ಲಿ, ಮುಂದಿನ ಸಾಲಿನ ಹಿರಿಯರ ಹುಬ್ಬು ಮೇಲೇರಿದ ಕೂಡಲೇ ನನ್ನ ದನಿ ಎಷ್ಟು ನಾಜೂಕಾಗಿ ಇಳಿಯುತ್ತಿತ್ತು! ಅದನ್ನು ನಾನು ಸಂಯಮವೆಂದು ಕರೆದುಕೊಂಡಿದ್ದೆ.

ಗವರ್ನರನ್ನು ಬಿಚ್ಚಿದವರು ಮಂಜಪ್ಪನವರೇ. ಬೇರೆ ಯಾರಿಗೂ ಸ್ಪ್ಯಾನರ್ ಕೊಡಲಿಲ್ಲ. ಬಿಚ್ಚಿ, ಒರೆಸಿ, ಜೇಬಿಗೆ ಹಾಕಿಕೊಂಡು, "ಈಗ ಒತ್ತು," ಎಂದರು. ಸರೋಜಕ್ಕ ಒತ್ತಿದಳು. ಅಂಥ ಸದ್ದನ್ನು ಗೋಣಿಬೀಡು ಅದಕ್ಕೆ ಮುನ್ನ ಕೇಳಿರಲಿಲ್ಲ. ಎದುರಿನ ಹೋಟೆಲಿನಿಂದ ಜನ ಲೋಟ ಹಿಡಿದುಕೊಂಡೇ ಹೊರಗೆ ಬಂದರು. ಮಂಜಪ್ಪ ತಮ್ಮ ಬಲಗೈಯನ್ನು ಎಡಗೈಯಿಂದ ಭದ್ರವಾಗಿ ಹಿಡಿದುಕೊಂಡು ನಿಂತಿದ್ದರು.

ಏರಿನ ದಿನ ಇನ್ನೊಂದು ಜಗಳ ನಡೆಯಿತು, ಅದು ನನ್ನಿಂದಲೇ. ಲೋಡು ಎಂದರೆ ಕೆಲಸದವರನ್ನೇ ಹಿಂದೆ ನಿಲ್ಲಿಸಿ ಹತ್ತಿಸುವುದೆಂದು ಮೇಸ್ತ್ರಿ ತೀರ್ಮಾನಿಸಿದ್ದ. ನಮ್ಮ ತೋಟಗಳಲ್ಲಿ ಅದೇ ರೂಢಿ: ಮುಂದಿನ ಸೀಟು ಸಾಹುಕಾರರಿಗೆ, ರೈಟರಿಗೆ, ಆಳುಗಳು ಹಿಂದೆ ಸರಳು ಹಿಡಿದು ನಿಲ್ಲಬೇಕು, ತೋಟದ ಹೆಂಗಸು ಮುಂದೆ ಕೂತರೆ ಊರೆಲ್ಲ ಸುದ್ದಿ. ಸರಕಿನ ಗಾಡಿಯಲ್ಲಿ ಮನುಷ್ಯರನ್ನು ಸಾಗಿಸುವುದು ಅಪರಾಧ, ಮನುಷ್ಯರು ಲೋಡಲ್ಲ, ನಾನಿರುವ ತನಕ ಇದು ನಡೆಯುವುದಿಲ್ಲ ಎಂದು ಹೇಳಿದೆ. ಮುಂದೆ ನಿಂತವರ ಹುಬ್ಬು ಮೇಲೇರಿತು. ನನ್ನ ದನಿ ಇಳಿಯಲಿಲ್ಲ. ಕೊನೆಗೆ ಗೊಬ್ಬರದ ಮೂಟೆಗಳನ್ನು ಹೇರಿದರು. "ಟೀಚರಮ್ಮ ಇವತ್ತು ಸೈಲೆನ್ಸರ್ ತೆಗ್ದು ಬಂದಾರೆ," ಎಂದು ಹಿಂದಿನಿಂದ ಯಾರೋ ಅಂದರು. ಮುಂದಿನ ಸೀಟಿನಲ್ಲಿ ಸರೋಜಕ್ಕ, ನಡುವೆ ಮಂಜಪ್ಪ, ಬಾಗಿಲಿಗೆ ಅಂಟಿಕೊಂಡು ನಾನು.

ಮೊದಲ ತಿರುವು ದಾಟಿತು. ಹಿಂದಿನ ಸಲ ಲಾರಿ ನಿಂತುಬಿಟ್ಟಿದ್ದ ಜಾಗ ಬಂತು. ಏರು ಗೋಡೆಯಂತೆ ಎದುರಿಗೆ ಎದ್ದಿತು. ಕಲ್ಲುಗಳು ಚಕ್ರದಡಿಯಿಂದ ಸಿಡಿದು ಕಾಫಿ ಗಿಡಗಳ ನಡುವೆ ಬಿದ್ದವು. "ಒತ್ತು ಮಗಾ," ಎಂದರು ಮಂಜಪ್ಪ. ಎಂಟು ಸಿಲಿಂಡರುಗಳೂ ಒಟ್ಟಿಗೆ ಬಾಯಿ ಬಿಟ್ಟವು. "ಇನ್ನೂ ಒತ್ತು. ಕತ್ತರಿಸಿದ್ರೆ ಕತ್ತರಿಸ್ಲಿ!" ಲಾರಿಯ ಮೂತಿ ಆಕಾಶಕ್ಕೆ ಎದ್ದು, ನನಗೆ ರಸ್ತೆಯೇ ಕಾಣಿಸದೆ ಬರೀ ಮೋಡ ಕಂಡಿತು. ಪೆಟ್ರೋಲಿನ ವಿಷಯದಲ್ಲಿ ನನ್ನ ನಿಲುವು ಅಂದೂ ಬದಲಾಗಿರಲಿಲ್ಲ, ಇಂದೂ ಬದಲಾಗಿಲ್ಲ. ಆದರೆ ಆ ಏರಿನಲ್ಲಿ "ಹತ್ತು! ಹತ್ತು!" ಎಂದು ಬಾಗಿಲನ್ನು ಬಡಿಯುತ್ತ ಕಿರುಚಿದವಳು ನಾನೇ ಎಂದು ಇಬ್ಬರು ಸಾಕ್ಷಿ ಹೇಳುತ್ತಾರೆ.

ಮೂತಿ ಇಳಿಯಿತು. ಮೋಡದ ಜಾಗದಲ್ಲಿ ಮೇಲಿನ ಬ್ಲಾಕು, ಹಣ್ಣು ಕೊಯ್ಯುತ್ತಿದ್ದ ಹೆಂಗಸರು, ಕೈಯಲ್ಲಿ ಬುಟ್ಟಿ ಹಿಡಿದು ಬಾಯಿ ತೆರೆದು ನಿಂತ ಅವರ ಮುಖಗಳು. ಸರೋಜಕ್ಕ ಎಂಜಿನ್ ಆರಿಸಿದಳು. ಆಗ ಆ ಬೆಟ್ಟದಲ್ಲಿ ಎದ್ದ ಕೇಕೆಯ ಮುಂದೆ ಎಂಜಿನ್ನಿನ ಸದ್ದು ಏನೇನೂ ಅಲ್ಲ.

ಸಾಹುಕಾರರು ಜೀಪಿನಲ್ಲಿ ಹಿಂದೆಯೇ ಬಂದಿದ್ದರು. ಇ‍ಳಿದು, ಲಾರಿಯ ಸುತ್ತ ಒಂದು ಸುತ್ತು ಬಂದು, "ಹತ್ತಿಸಿಬಿಟ್ಟೆ ಮಾರಾಯ್ತಿ. ಗಾಡಿ ನಿಂದು, ಮಾತು ಅಂದ್ರೆ ಮಾತು," ಎಂದರು. ಮುಖದಲ್ಲಿ ಸೋಲಿಗಿಂತ ಆಸೆಯೇ ಹೆಚ್ಚಿತ್ತು. "ಒಂದು ರೌಂಡ್ ನಾನೂ ಹೊಡೀತೀನಿ, ಕೀ ಕೊಡು."

"ಕೊಡುವಾ ಸರ್," ಎಂದಳು ಸರೋಜಕ್ಕ. "ಲೈನ್ ಉಂಟು."

ತಿರುಗಿ ನೋಡಿದರೆ, ಬುಟ್ಟಿಗಳನ್ನು ಗಿಡದಡಿಯಲ್ಲಿಟ್ಟು ಹೆಂಗಸರು ಆಗಲೇ ಸಾಲಾಗಿ ನಿಂತಿದ್ದರು. ಪ್ರತಿದಿನ ಬೆಳಿಗ್ಗೆ ಹಾಜರಿ ಕೂಗುವಾಗ ಅವರು ಸಾಹುಕಾರರ ಮುಂದೆ ನಿಲ್ಲುವುದು ಹಾಗೆಯೇ. ಈಗ ಆ ಸಾಲಿನ ಮೊದಲಲ್ಲಿ ಇದ್ದದ್ದು ಒಂದು ಸ್ಟಿಯರಿಂಗು. ಸಾಹುಕಾರರು ಸಾಲನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು, ಆಮೇಲೆ ನಡೆದುಹೋಗಿ ಕೊನೆಯಲ್ಲಿ ನಿಂತರು. ನಿಂತರೆಂಬುದನ್ನೂ ನಾನು ಬರೆಯಲೇಬೇಕು. ತಪ್ಪುಗಳನ್ನಷ್ಟೇ ಹೆಸರಿಸುವುದೂ ಒಂದು ಬಗೆಯ ತಪ್ಪು. ಅವರ ಮುಂದಿದ್ದ ಮುದುಕಿ ಹಿಂದೆ ತಿರುಗಿ, "ಸ್ವಲ್ಪ ಒತ್ತಿ ನಿಲ್ಲಿ ಸಾವ್ಕಾರ್ರೇ, ಕೆಳಗಿನ ಬ್ಲಾಕಿನವ್ರೂ ಬರ್ತಿದ್ದಾರೆ," ಎಂದಳು. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸರೋಜಕ್ಕ ಬ್ಲಾಕಿನ ಅಂಚಿನ ಬಯಲಿನಲ್ಲಿ ಸುತ್ತು ಹೊಡೆಸಿದಳು. ಸಾಹುಕಾರರ ಸರದಿ ಬರುವಷ್ಟರಲ್ಲಿ ಪೆಟ್ರೋಲು ಮುಗಿದಿತ್ತು.

ಆಮೇಲೆ ಲಾರಿಯ ಹೆಸರು ಬದಲಾವಣೆ, ತಪಾಸಣೆ, ವಿಮೆ ಎಂದು ನಾನು ಅಲೆದ ಕಚೇರಿಗಳ ವಿಷಯ ಬೇರೆಯೇ ಒಂದು ಪ್ರಬಂಧವಾಗುತ್ತದೆ. ಈಗ ಅದಕ್ಕೆ ಕಡುಹಸಿರು ಬಣ್ಣ. ಸರೋಜಕ್ಕನ ಗ್ಯಾರೇಜಿಗೆ ಈಗ ಬೇರೆಯವರು ಕೈಬಿಟ್ಟ ಗಾಡಿಗಳಲ್ಲ, ಬೇರೆಯವರು ಮುಟ್ಟಬಾರದೆಂದು ಜೋಪಾನ ಮಾಡಿಟ್ಟ ಗಾಡಿಗಳು ಬರುತ್ತವೆ. ಮೊನ್ನೆ ಹೊರನಾಡಿನಿಂದ ಫೋನು ಬಂತು: ದೇವಸ್ಥಾನದ ಬಳಿ ವಸತಿಗೃಹ ನಡೆಸುವವರೊಬ್ಬರ ಕೊಟ್ಟಿಗೆಯಲ್ಲಿ ರೆಕ್ಕೆಯಂಥ ಹಿಂಬದಿಯ ಅಮೆರಿಕನ್ ಕಾರೊಂದು ಇದೆಯಂತೆ, ಅದಕ್ಕೂ ಎಂಟು ಸಿಲಿಂಡರಂತೆ, "ಆ ಅಕ್ಕ ಬಂದು ನೋಡ್ಬಹುದಾ?"

ಆದ್ದರಿಂದ ಇವತ್ತು ಬೆಳಿಗ್ಗೆ ಲಾರಿಯಲ್ಲಿ ಹೊರಟೆವು. ಕೊಟ್ಟಿಗೆಹಾರ ದಾಟಿ ಕಳಸದ ದಾರಿ ಹಿಡಿದ ಮೇಲೆ ಸರೋಜಕ್ಕ ಲಾರಿಯನ್ನು ಬದಿಗೆ ನಿಲ್ಲಿಸಿ ಇಳಿದು ನನ್ನ ಬಾಗಿಲಿಗೆ ಬಂದಳು. "ನನಗೆ ನಿದ್ದೆ ಬರ್ತದೆ. ನೀವು ಬಿಡಿ."

"ನನ್ನದು ಇನ್ನೂ ಕಲಿಯುವವರ ಲೈಸೆನ್ಸು. ನೀನು ಪಕ್ಕದಲ್ಲಿ ಎಚ್ಚರವಾಗಿರಬೇಕು. ಕಾನೂನಿದೆ," ಎಂದೆ.

"ಎಚ್ಚರ ಇರ್ತೀನಿ. ಕಣ್ಣು ಮಾತ್ರ ಮುಚ್ತೀನಿ."

ಕೆಂಪು 'ಎಲ್' ಅಕ್ಷರದ ಬೋರ್ಡನ್ನು ಹಿಂದೆಯೂ ಮುಂದೆಯೂ ಕಟ್ಟಿ ಸ್ಟಿಯರಿಂಗ್ ಹಿಡಿದೆ. ಒಂದು ಏರಿನ ನಡುವೆ ತೋಟದ ಕೆಲಸಕ್ಕೆ ಹೊರಟ ಹೆಂಗಸರ ಗುಂಪು ಎದುರಾಯಿತು. ನನ್ನ ಸಭೆಗಳಿಗೆ ಬಂದು ಚಾಪೆಯ ಮೇಲೆ ಕುಳಿತು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದವರು. "ಅಯ್ಯೋ, ಟೀಚರಮ್ಮ! ದಾರಿ ಬಿಡ್ರೇ!" ಎಂದು ಬೇಲಿಗೆ ಒತ್ತಿನಿಂತರು. ಲಾರಿ ಮುಕ್ಕರಿಯಿತು. "ಗೇರ್ ಇಳಿಸಿ ಅಕ್ಕಾ!" ಎಂದು ಒಬ್ಬಳು ಕೂಗಿದಳು, "ಹೆದರ್ಬೇಡಿ, ಒತ್ತಿ!" ಎಂದು ಇನ್ನೊಬ್ಬಳು. ಅವರು ಹೇಳಿದಂತೆ ಮಾಡಿದೆ. ಎಂಜಿನ್ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿ, ನನ್ನನ್ನೂ ಎತ್ತಿಕೊಂಡು ಮೇಲೇರಿತು.

ಏರು ಮುಗಿದಲ್ಲಿ ಬೆಟ್ಟಗಳು ಒಂದರ ಹಿಂದೊಂದು ತೆರೆದುಕೊಂಡವು. ಹೇಗೆ ಹತ್ತಿಸಿದೆ ನೋಡು ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಸರೋಜಕ್ಕ ಬಾಯಿ ತೆರೆದುಕೊಂಡು, ತಲೆಯನ್ನು ಬಾಗಿಲಿಗೆ ಆನಿಸಿ, ನಿಜವಾಗಿಯೇ ನಿದ್ದೆ ಹೋಗಿದ್ದಳು.